ಹೋಗೋರಿಗೆ ರಸ್ತೆ ಐತಿ, ಕುಂದ್ರೋರಿಗೆ ಕಟ್ಟಿ ಎಲ್ಲೈತಿ?

ಅಕ್ಕ-ತಂಗೇರೇ, ನೆಗೆಣ್ಯಾರೇ, ಓಣಿ ಗೆಳತ್ಯಾರೇ,

ಮನಿ ಕಟ್ಟಿಸೋವಾಗ ಒಲಿ ಯಾವ ದಿಕ್ಕಿಗೆ ಇರಬೇಕು, ಕೊಡ ಇಡೋ ಕಟ್ಟಿ ಎಷ್ಟೆತ್ತರ ಇರಬೇಕು, ಬಾಣಂತಿ ಮಲಗೋ ಖೋಲಿಗೆ ಗಾಳಿ ಎಲ್ಲಿಂದ ಬರಬೇಕು ಅಂತ ಮೇಸ್ತ್ರಿಗೆ ನಾವ ಹೇಳ್ತೀವಿ. ಹೇಳದಿದ್ರ ಆತ ತನಗ ತಿಳಿದಂಗ ಕಟ್ಟಿ ಹೋಗ್ತಾನ. ಆಮ್ಯಾಲ ಇಪ್ಪತ್ತು ವರ್ಷ ಸೊಂಟ ಬಗ್ಗಿಸಿ ಕೊಡ ಎತ್ತೋರು ನಾವು. ಊರಿನ ಮಾತೂ ಹಂಗ. ಊರು ಅಂದ್ರ ಎಲ್ಲಾರೂ ಕೂಡಿ ಇರೋ ದೊಡ್ಡ ಮನಿ. ಅದರ ಒಲಿ, ಪಡಸಾಲಿ, ಬಚ್ಚಲು ಎಲ್ಲಿರಬೇಕು ಅಂತ ಯಾರು ಗೆರಿ ಎಳೆದ್ರು? ಯಾರ ಸಲುವಾಗಿ ಎಳೆದ್ರು? ಈ ಸಲ ಅದನ್ನ ಬರಿಯೋಣ ಅನಿಸಿತು.

ನನ್ನ ತವರುಮನಿ ಮಸ್ಕಿ, ಕೊಟ್ಟ ಮನಿ ಸಿಂಧನೂರು, ನಮ್ಮಕ್ಕನ್ನ ಕೊಟ್ಟಿದ್ದು ಲಿಂಗಸುಗೂರಿಗೆ. ಮೂರೂ ಒಂದ ದಾರಿಗೆ ಪೋಣಿಸಿದಂಗ ಅದಾವ. ಜೇವರ್ಗಿಯಿಂದ ಚಾಮರಾಜನಗರಕ್ಕ ಹೋಗೋ ರಾಷ್ಟ್ರೀಯ ಹೆದ್ದಾರಿ 150ಎ ಮದ್ಲ ಲಿಂಗಸುಗೂರು, ಆಮ್ಯಾಲ ಮಸ್ಕಿ, ಆಮ್ಯಾಲ ಸಿಂಧನೂರು ದಾಟಿ ಸಿರುಗುಪ್ಪ, ಬಳ್ಳಾರಿ ಕಡೆ ಹೋಗ್ತೈತಿ. ಬಸ್ಸಿನ ಕಿಡಕ್ಯಾಗಿಂದ ನೋಡೋರಿಗೆ ಮೂರೂ ಊರು ಒಂದ ಥರ ಕಾಣ್ತಾವ: ರಸ್ತೆ, ಅದರ ಎರಡೂ ಕಡೆ ಅಂಗಡಿ, ಒಂದು ಸರ್ಕಲ್ಲು, ಒಂದು ಬಸ್ ಸ್ಟ್ಯಾಂಡು. ಆದ್ರ ಹುಟ್ಟಿದ ರೀತಿ ನೋಡಿದ್ರ ಮೂರಕ್ಕೂ ಸಂಬಂಧ ಇಲ್ಲ. ಮಸ್ಕಿ ಗುಡ್ಡ-ಹಳ್ಳದ ಊರು, ಲಿಂಗಸುಗೂರು ದಂಡಿನ ಊರು, ಸಿಂಧನೂರು ಕಾಲುವಿ ಊರು.

ಮಸ್ಕಿಯಿಂದ ಶುರು ಮಾಡ್ತೀನಿ. ತವರುಮನಿ ಅಂತ ಮದ್ಲ ಹೇಳ್ತಾಳ ಅನಬ್ಯಾಡ್ರಿ, ಮೂರರಾಗ ಹಳೇದು ಅದ. 1954ರಾಗ ಬಿ.ಕೆ. ಥಾಪರ್ ಅನ್ನೋ ಪುರಾತತ್ವದವ್ರು ಅಲ್ಲಿ ಅಗದು ನೋಡಿದಾಗ ಒಂದರ ಕೆಳಗ ಒಂದು ನಾಕು ಕಾಲದ ವಸ್ತಿ ಸಿಕ್ಕವು. ಎಲ್ಲಾದಕ್ಕಿಂತ ಕೆಳಗ ಕಲ್ಲಿನ ಆಯುಧ ಬಳಸ್ತಿದ್ದ ಮಂದಿ, ಅದರ ಮ್ಯಾಲ ದೊಡ್ಡ ಕಲ್ಲು ನಿಲ್ಲಿಸಿ ಸತ್ತವರನ್ನ ಹುಗೀತಿದ್ದ ಕಬ್ಬಿಣ ಕಾಲದ ಮಂದಿ, ಅದರ ಮ್ಯಾಲ ಚರಿತ್ರೆ ಶುರುವಾದ ಕಾಲ, ಕಡೀಕ ಮಧ್ಯಕಾಲ. ಅವ್ರಿಗೆ ನಕ್ಷೆ ಹಾಕಿ ಕೊಟ್ಟವ್ರು ಯಾರೂ ಇರಲಿಲ್ಲ. ನೆಳ್ಳಿಗೆ ಗುಡ್ಡದ ಕಲ್ಲು, ನೀರಿಗೆ ಹಳ್ಳ, ಹೊಟ್ಟಿಗೆ ಎರಿ ಹೊಲ, ಇಷ್ಟು ಹತ್ರ ಹತ್ರ ಇದ್ದ ಕಡೆ ಕುಂತ್ರು. ನೀರು ಹೊರೋ ಕೈಗೆ ಗೊತ್ತಿರೋ ಲೆಕ್ಕ ಇದು.

ಅಂಥ ಜಾಗಾನ ಹುಡುಕಿ ಅಶೋಕ ರಾಜ ತನ್ನ ಮಾತು ಬರೆಸ್ದ. ಇದಾಗಿ 2,200 ವರ್ಷದ ಮ್ಯಾಲಾತು. 1915ರಾಗ ಸಿ. ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್ ಬಂಗಾರದ ಜಾಡು ಹುಡುಕ್ಕೋತ ಬಂದಾಗ ಈ ಶಾಸನ ಕಣ್ಣಿಗೆ ಬಿತ್ತು. ಅಲ್ಲೀತನಕ ಸಿಕ್ಕ ಶಾಸನದಾಗೆಲ್ಲ ರಾಜನ ಬಿರುದು ಇರ್ತಿತ್ತು, ಹೆಸರು ಇರ್ತಿರಲಿಲ್ಲ. ಮಸ್ಕಿ ಕಲ್ಲಿನಾಗ ಬಿರುದಿನ ಜೋಡಿ ಅಶೋಕ ಅನ್ನೋ ಹೆಸರೂ ಸಿಕ್ಕಿದ್ದಕ್ಕ, ಆ ಬಿರುದಿನ ರಾಜ ಇವನ ಅಂತ ಜಗತ್ತಿಗೆ ಗೊತ್ತಾತು. ಇದನ್ನ ನಮ್ಮ ಮಕ್ಕಳು ಸಾಲಿ ಪುಸ್ತಕದಾಗ ಓದ್ಯಾರ. ನಾನು ಹೇಳೋದು ಅದರೊಳಗಿನ ಮಾತು. ಧರ್ಮದಿಂದ ನಡಕೊಂಡ್ರ ದೊಡ್ಡವ್ರಷ್ಟ ಅಲ್ಲ, ಸಣ್ಣವರೂ ಮ್ಯಾಲ ಏರಬಹುದು, ಇದನ್ನ ಸಣ್ಣವ್ರಿಗೂ ದೊಡ್ಡವ್ರಿಗೂ ತಿಳಿಸ್ರಿ ಅನ್ನೋ ಅರ್ಥ ಐತಿ ಅದರಾಗ. ಬರೆದದ್ದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಓದಾಕ ಬರೋರು ಎಲ್ಲೋ ನಾಕು ಮಂದಿ. ಉಳಿದವ್ರಿಗೆ ಓದಿ ಹೇಳಬೇಕು. ಹೇಳೋನು ನಿಲ್ಲಬೇಕು, ಕೇಳೋರು ಕುಂದ್ರಬೇಕು. ಅಂದ್ರ ಸಣ್ಣವ್ರು ದೊಡ್ಡವ್ರು ಇಬ್ಬರೂ ಒಂದಿಷ್ಟು ಹೊತ್ತು ನೆಳ್ಳಾಗ ತಂಗೋ ಜಾಗ ಬೇಕು. ಊರಿನ ಜಾಗ ಅಂದ್ರ ಏನು ಅಂತ ಯಾರಾದ್ರೂ ಕೇಳಿದ್ರ ನಾನು ಇದನ್ನ ಹೇಳ್ತೀನಿ. ಬರೇ ಹಾದು ಹೋಗೋ ದಾರಿ ಊರಲ್ಲ. ನಾಕು ಮಂದಿ ನಿಂತು, ಕುಂತು, ಮಾತಾಡಾಕ ಬಂದ್ರ ಅದು ಊರು.

ಈಗ ಲಿಂಗಸುಗೂರಿಗೆ ಬರ್ರಿ. ಅಲ್ಲಿ ಎರಡು ಊರು ಅದಾವ ಅನ್ನೋದು ಬಾಳ ಮಂದಿಗೆ ಹೊಳಿಯಂಗಿಲ್ಲ. ಕಸಬಾ ಲಿಂಗಸುಗೂರು ಅಂತ ಈಗೂ ಕರೀತೀವಲ್ಲ, ಅದು ಮೂಲ ಊರು. ಅದರ ಮಗ್ಗಲಾಗ ಬೆಳೆದದ್ದು ಛಾವಣಿ. ಛಾವಣಿ ಅಂದ್ರ ದಂಡು ಇಳಿಯೋ ಜಾಗ. ನಿಜಾಮನ ರಾಜ್ಯದಾಗ ಹೈದರಾಬಾದ್ ಕಂಟಿಂಜೆಂಟ್ ಅಂತ ಒಂದು ಫೌಜು ಇತ್ತು. ಹುಕುಂ ಇಂಗ್ಲಿಷರದು, ಖರ್ಚು ನಿಜಾಮನದು. ಆ ಖರ್ಚಿನ ಬಾಕಿ ಬೆಳದು ಬೆಳದು 1853ರಾಗ ನಿಜಾಮ ನಮ್ಮ ರಾಯಚೂರು ದೋಆಬನ್ನ, ಅಂದ್ರ ಕೃಷ್ಣಾ ತುಂಗಭದ್ರಾ ನಡುವಿನ ಈ ಸೀಮಿನ, ಇಂಗ್ಲಿಷರ ಕೈಗೆ ಒಪ್ಪಿಸಬೇಕಾತು. 1860ರಾಗ ವಾಪಸ್ ಬಂತು. ಮನಿ ಸಾಲಕ್ಕ ಹೊಲ ಒತ್ತಿ ಹಾಕಿ ಬಿಡಿಸ್ಕೊಂಡಂಗ ಅಂತ ತಿಳೀರಿ. ಆ ಫೌಜಿನ ಒಂದು ತಾಣ ಲಿಂಗಸುಗೂರು.

ಛಾವಣಿ ಕಟ್ಟೋ ಪದ್ಧತಿ ಎಲ್ಲಾ ಕಡೆ ಒಂದ. ಮದ್ಲ ಕವಾಯತಿನ ಬಯಲು, ಅದರ ಸುತ್ತ ಸಾಲಾಗಿ ಸಿಪಾಯಿಗಳ ಮನಿ, ದೂರಕ ಸಾಹೇಬರ ಬಂಗಲೆ, ಇವರಿಗೆ ಜಿನಸಿ ಕೊಡಾಕ ಒಂದು ಬಜಾರು. ಹಳೆ ಊರಿನ ಓಣಿ ಹಾವಿನಂಗ ಹೊರಳಿ ಹೋಗ್ತಾವ, ಛಾವಣಿ ದಾರಿ ನೂಲು ಹಿಡಿದಂಗ ನೆಟ್ಟಗ. ಓಣಿ ಹೊರಳಿದ ಕಡೆ ನೆಳ್ಳು ಬೀಳತೈತಿ, ಅಲ್ಲಿ ಮಂದಿ ನಿಂದ್ರತಾರ. ನೆಟ್ಟನ ದಾರಿ ಸಾಲುಹಿಡಿದು ನಡಿಯೋರಿಗೆ ಚೊಲೊ, ಬಿಸಿಲಾಗ ಕೂಸು ಎತ್ಕೊಂಡು ನಿಂದ್ರೋಳಿಗೆ ಅಲ್ಲ. ಲಿಂಗಸುಗೂರು ಆಗ ಒಂದು ಜಿಲ್ಲಾ ಕೇಂದ್ರನೂ ಇತ್ತು. 1903ರಾಗ ಕಂಟಿಂಜೆಂಟ್ ಒಡದು ಇಂಗ್ಲಿಷರ ದೊಡ್ಡ ಫೌಜಿನಾಗ ಕೂಡಿಸಿದ್ರು. 1905ರಾಗ ಲಿಂಗಸುಗೂರು ಜಿಲ್ಲೆ ಮುರದು ಲಿಂಗಸುಗೂರು, ಸಿಂಧನೂರು ಸೀಮಿನ ರಾಯಚೂರಿಗೆ ಸೇರಿಸಿದ್ರು. ಊರಿನ ದಂಡೂ ಹೋತು, ಜಿಲ್ಲೆನೂ ಹೋತು. ಯಾರ ಸಲುವಾಗಿ ಊರು ಕಟ್ಟಿದ್ರೋ ಅವ್ರ ಎದ್ದು ಹೋದ್ರು. ಉಳಿದವ್ರು ಕಸಬಾದ ಮಂದಿ, ಬಜಾರದ ಮಂದಿ. ಅವ್ರು ಆ ಬಯಲನ್ನ, ಆ ದಾರಿನ ತಮ್ಮ ಸಂಸಾರಕ್ಕ ತಕ್ಕಂಗ ಮಾಡಿಕೊಂಡ್ರು. ನೆಳ್ಳಿದ್ದ ಕಡೆ ತರಕಾರಿ ಬುಟ್ಟಿ ಇಳಿದ್ವು, ಕಚೇರಿ ಕಂಪೌಂಡಿನ ಗೋಡಿಗೆ ಒರಗಿ ಅರ್ಜಿ ಬರಿಯೋನು ಕುಂತ, ಅವನ ಮುಂದ ಹಳ್ಳಿ ಹೆಣ್ಮಕ್ಕಳು ಬುತ್ತಿ ಗಂಟು ಬಿಚ್ಚಿದ್ರು. ಈಗೂ ಅಲ್ಲಿ ಸಹಾಯಕ ಆಯುಕ್ತರ ಕಚೇರಿ ಐತಿ. ಕಾಗದಪತ್ರಕ್ಕಂತ ಬಂದ ಹೆಣ್ಮಕ್ಕಳು ಹೊತ್ತು ಮುಣಗೋತನಕ ಎಲ್ಲಿ ಕುಂದ್ರತಾರ ಅಂತ ಒಮ್ಮೆ ಕಣ್ಣಾಡಿಸಿ ನೋಡ್ರಿ.

ಸಿಂಧನೂರಿನ ಕತಿ ನೀರಿನ ಕತಿ. 1945ರಾಗ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ಕ್ಕ ಮುಗೀತು. ಅದರ ಎಡದಂಡೆ ಕಾಲುವಿ 227 ಕಿಲೋಮೀಟರು. ಆ ನೀರು ಬರೋತನಕ ಸಿಂಧನೂರು ಜ್ವಾಳದ ಸೀಮಿ, ಮಳಿ ಬಂದ್ರ ಬೆಳಿ ಇಲ್ಲಂದ್ರ ಗುಳೆ. ನೀರು ಬಂದ ಮ್ಯಾಲ ಭತ್ತ ಬಂತು, ಭತ್ತ ಬೆಳೆಯಾಕ ಬಲ್ಲವ್ರು ಆಂಧ್ರದ ಕರಾವಳಿ ಕಡಿಂದ ಬಂದ್ರು. ಹೊಲ ಕೊಂಡು, ಹೊಲದ ಹತ್ರನ ಗುಡಿಸಲು ಹಾಕಿ, ಅದಕ್ಕ ಕ್ಯಾಂಪ್ ಅಂದ್ರು. ಗುಡಿಸಲು ಹೋಗಿ ಆರ್‌ಸಿಸಿ ಮನಿ ಆದ್ರೂ ಹೆಸರು ಕ್ಯಾಂಪ್ ಅಂತನ ಉಳೀತು. ಆಮ್ಯಾಲ ಪೂರ್ವ ಪಾಕಿಸ್ತಾನದಿಂದ ಊರು ಬಿಟ್ಟು ಬಂದ ಬಂಗಾಳಿಗರಿಗೆ ಸರಕಾರ ಇಲ್ಲೆ ಜಾಗ ಕೊಟ್ಟಿತು, ಆರ್‌ಎಚ್ ಕ್ಯಾಂಪ್ ಅಂತ ಕರೀತೀವಲ್ಲ ಅವು. ಹಿಂಗಾಗಿ ನಮ್ಮ ಸಂತ್ಯಾಗ ಒಂದು ಕಡಿ ಜ್ವಾಳದ ರೊಟ್ಟಿ ಗಂಟು, ಒಂದು ಕಡಿ ಗೋಂಗೂರ, ಒಂದು ಕಡಿ ಮೀನಿನ ಬುಟ್ಟಿ. ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಕೂ ಮಾತಾಗ ಚೌಕಾಸಿ ನಡಿತೈತಿ.

ಆದ್ರ ಊರು ಬೆಳೆದದ್ದು ಹೆಂಗ? ರಾಯಚೂರು, ಗಂಗಾವತಿ, ಮಸ್ಕಿ, ಸಿರುಗುಪ್ಪ ಈ ನಾಕು ದಾರಿ ಕೂಡೋ ಕಡೆ, ದಾರಿ ಗುಂಟ ಬೆಳೀತು. ಮದ್ಲ ಭತ್ತದ ಲಾರಿಗೆ ದಾರಿ, ಆಮ್ಯಾಲ ಅಕ್ಕಿ ಗಿರಣಿ, ಆಮ್ಯಾಲ ಟ್ರ್ಯಾಕ್ಟರ್ ಶೋರೂಮು, ಗೊಬ್ಬರದಂಗಡಿ. 2011ರ ಜನಗಣತಿ ಹೊತ್ತಿಗೆ ಊರಾಗ 75 ಸಾವಿರ ಮಂದಿ ಆದ್ರು. ಮೊನ್ನೆ ಮೊನ್ನೆ 2024ರಾಗ ರೈಲೂ ಬಂತು. ಭತ್ತ ಬೆಳಿಯೋದರಾಗ ಅರ್ಧದಷ್ಟು ಕೆಲಸ ಹೆಣ್ಮಕ್ಕಳದು. ನಾಟಿ ಹಂಗಾಮಿನಾಗ ನಸುಕಿನ್ಯಾಗ ಎದ್ದು ರೊಟ್ಟಿ ಬಡದು, ಬುತ್ತಿ ಕಟ್ಟಿಕೊಂಡು ಕೂಲಿ ಹೆಣ್ಮಕ್ಕಳು ದಾರಿ ಬದಿಗೆ ಟಂಟಂ ಕಾಯ್ತಾ ನಿಂದ್ರತಾರ. ಮುಚ್ಚಿದ ಅಂಗಡಿ ಮೆಟ್ಟಲ ಮ್ಯಾಲ ಕುಂದ್ರತಾರ. ಅಂಗಡಿ ಬಾಗಿಲು ತೆರೆಯೋ ಹೊತ್ತಿಗೆ ಏಳಬೇಕು. ಊರಿಗೆ ಅನ್ನ ಹಾಕೋ ಕೈಗೆ ಊರಿನ ನಕ್ಷೆದಾಗ ಒಂದು ಕಲ್ಲು ಸೈತ ಇಲ್ಲ.

ಹಂಗಾದ್ರ ನಮ್ಮ ಹಿರೇರು ಏನು ಮಾಡಿದ್ರು? ಯಾರೂ ಜಾಗ ಕೊಡದಿದ್ರ ತಾವ ಮಾಡಿಕೊಂಡ್ರು. ಅದರಾಗ ಮದ್ಲನೇದು ಮನಿ ಮುಂದಿನ ಕಟ್ಟಿ. ಅದು ಅರ್ಧ ಮನಿದು, ಅರ್ಧ ಓಣಿದು. ಹೋಗೋ ಬರೋರು ಕೇಳದ ಕುಂದ್ರಬಹುದು, ನೀರು ಕೇಳಿ ಕುಡಿಬಹುದು. ಎರಡನೇದು ಮಾಳಿಗಿ. ನಮ್ಮ ಮಣ್ಣಿನ ಮನಿಗಳು ಒಂದಕ್ಕೊಂದು ಹತ್ತಿಕೊಂಡಿದ್ವು. ಒಬ್ಬರ ಮಾಳಿಗಿಯಿಂದ ಇನ್ನೊಬ್ಬರ ಮಾಳಿಗಿಗೆ ದಾಟಬಹುದಿತ್ತು. ಶ್ಯಾವಿಗಿ, ಹಪ್ಪಳ, ಸಂಡಿಗಿ ಒಣಗಹಾಕಿ ಕಾಯೋ ನೆಪದಾಗ ಅಲ್ಲೇ ಸುಖ ದುಃಖ, ಅಲ್ಲೇ ಮದುವಿ ಮಾತು. ಗಣಮಕ್ಕಳಿಗೆ ಕೆಳಗ ಬಜಾರು ಇದ್ರ, ನಮಗ ಮ್ಯಾಲ ಇನ್ನೊಂದು ಓಣಿ ಇತ್ತು. ಮೂರನೇದು ಬಾವಿ ಕಟ್ಟಿ, ಹಳ್ಳದ ದಂಡಿ, ಆಮ್ಯಾಲ ಹಿಟ್ಟಿನ ಗಿರಣಿ. ಕೆಲಸ ಇದ್ದಲ್ಲೇ ಕೂಟ.

ಹಳೇದೆಲ್ಲ ಚಂದಿತ್ತು ಅಂತ ಹೇಳಿ ಬಿಡೋದು ನ್ಯಾಯ ಅಲ್ಲ. ಆ ಬಾವಿ ಕಟ್ಟಿ ಎಲ್ಲಾರಿಗೂ ಇರಲಿಲ್ಲ. ಅಗಸಿ ಹೊರಗಿನ ಕೇರಿ ಹೆಣ್ಮಕ್ಕಳು ಕೊಡ ಹಿಡದು ದೂರ ನಿಂತು, ಯಾರಾದ್ರೂ ಸೇದಿ ಹಾಕಲಿ ಅಂತ ಕಾಯಬೇಕಿತ್ತು. ಮನಿ ಮುಂದಿನ ಕಟ್ಟಿ ಮ್ಯಾಲ ಅತ್ತಿ ಕುಂದ್ರತಿದ್ಲು, ಹೊಸ ಸೊಸಿ ಸೆರಗು ಹೊದ್ದು ಬಾಗಿಲ ಸಂದ್ಯಾಗ ನಿಂದ್ರತಿದ್ಲು. ಆ ಲೆಕ್ಕಕ್ಕ ಬಸ್ ಸ್ಟ್ಯಾಂಡು ದೊಡ್ಡ ಉಪಕಾರ ಮಾಡೈತಿ. ಅಲ್ಲಿನ ಕಲ್ಲುಬೆಂಚು ಯಾರ ಕುಲಾನೂ ಕೇಳಂಗಿಲ್ಲ, ಯಾರ ಸೊಸಿ ಅಂತನೂ ಕೇಳಂಗಿಲ್ಲ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂದ ಮ್ಯಾಲಂತೂ ತವರಿಗೆ, ದವಾಖಾನಿಗೆ, ಸಂತಿಗೆ ಹೆಣ್ಮಕ್ಕಳು ಓಡಾಡೋದು ಎಷ್ಟು ಹೆಚ್ಚಾಗೈತಿ ನಿಮಗ ಗೊತ್ತು. ಟಿಕೆಟ್ ಬಿಟ್ಟಿ ಆತು. ಆದ್ರ ಇಳಿದ ಮ್ಯಾಲ ಎಲ್ಲಿ ನಿಂದ್ರೋದು, ಎಲ್ಲಿ ಪಾಯಖಾನಿ, ಕೂಸಿಗೆ ಹಾಲು ಎಲ್ಲಿ ಕುಡಿಸೋದು, ಇದರ ಉತ್ತರ ಟಿಕೆಟಿನ ಮ್ಯಾಲ ಬರೆದಿಲ್ಲ. ಬಸ್ ಹತ್ತೋ ದಿನ ನಾವೆಲ್ಲ ನೀರು ಕುಡಿಯೋದು ಕಡಿಮಿ ಮಾಡ್ತೀವಿ. ಬ್ಯಾಸಗಿ ನಲವತ್ತು ಡಿಗ್ರಿ ದಾಟೋ ಸೀಮಿ ಇದು. ನಮ್ಮ ಚಿಗವ್ವಗ ಹಿಂಗ ನೀರು ಬಿಟ್ಟು ಬಿಟ್ಟು ಉರಿಮೂತ್ರ ಹತ್ತಿ, ವರ್ಷಕ್ಕ ಎರಡು ಸಲ ದವಾಖಾನಿ ಕಾಣೋದು ತಪ್ಪಲಿಲ್ಲ. ಊರಿನ ನಕ್ಷೆ ತಪ್ಪಿದ್ರ ಅದು ಮೈಗೆ ತಟ್ಟತೈತಿ, ಅದಕ್ಕ ಇದನ್ನ ಬರಿಯಾಕತ್ತೀನಿ.

ಈಗ ಮೂರೂರಾಗ ಏನಾಗಾಕತ್ತೈತಿ ನೋಡ್ರಿ. ದಾರಿ ಅಗಲ ಮಾಡಬೇಕು, ಅದು ಖರೇ. ಲಾರಿ, ಟ್ರ್ಯಾಕ್ಟರ್, ಕಾರು ಹೆಚ್ಚಾಗ್ಯಾವ, ಸಾಲಿ ಹುಡುಗ್ರು ದಾಟೋದು ಕಷ್ಟ ಆಗೈತಿ. ಆದ್ರ ಅಗಲ ಮಾಡೋವಾಗ ಮದ್ಲು ಹೋಗೋದು ಏನು? ಬೇವಿನ ಗಿಡ. ಅದರ ಬುಡದಾಗಿನ ಕಟ್ಟಿ. ಅದರ ನೆಳ್ಳಾಗ ಗೋಣಿ ಹಾಸಿ ಮೆಂತೆಪಲ್ಯೆ, ಪುಂಡಿಪಲ್ಯೆ ಮಾರೋಳು. ಕಟ್ಟಿ ಕೆತ್ತಿ ಗಟಾರ ಮಾಡ್ತಾರ, ಗಟಾರದ ಮ್ಯಾಲ ಕಲ್ಲು ಹಾಸ್ತಾರ, ಆ ಕಲ್ಲಿನ ಮ್ಯಾಲ ಬೈಕು ನಿಂದ್ರತಾವ. ಮಸ್ಕಿ 2017ರ ಬಜೆಟ್ಟಿನಾಗ ತಾಲೂಕು ಅಂತ ಘೋಷಣೆ ಆತು. ಹೊಸ ತಾಲೂಕು ಅಂದ್ರ ಹೊಸ ಕಚೇರಿ, ಹೊಸ ದಾರಿ. ಗೆರಿ ಎಳಿಯೋ ಕಾಲ ಇದು. ಒಮ್ಮೆ ಡಾಂಬರು ಬಿದ್ದ ಮ್ಯಾಲ ಐವತ್ತು ವರ್ಷ ಯಾರೂ ಅಳಿಸಂಗಿಲ್ಲ. ಲಿಂಗಸುಗೂರಿನ ಛಾವಣಿ ದಂಡು ಹೋಗಿ ನೂರು ವರ್ಷದ ಮ್ಯಾಲಾದ್ರೂ ಊರಿನ ಬಾಯಾಗ ಉಳದೈತಿ ನೋಡ್ರಿ.

ನಾವು ಹೆಣ್ಮಕ್ಕಳು ಮಾತಾಡಿದ್ರ ಆಗ್ತೈತೇನು ಅಂತ ಕೇಳಬಹುದು. ಅಮೆರಿಕದ ನ್ಯೂಯಾರ್ಕ್ ಊರಾಗ ವಾಷಿಂಗ್ಟನ್ ಸ್ಕ್ವೇರ್ ಅಂತ ಮಕ್ಕಳು ಆಡೋ ತೋಟ ಐತಿ. 1950ರ ದಶಕದಾಗ ಅದರ ನಡುವ ದೊಡ್ಡ ರಸ್ತೆ ಹಾಯಿಸಾಕ ಹೊಂಟಾಗ ಶರ್ಲಿ ಹೇಯ್ಸ್ ಅನ್ನೋ ತಾಯಿ ಉಳಿದ ತಾಯಂದಿರನ್ನ ಕೂಡಿಸ್ಕೊಂಡು ವರ್ಷಗಟ್ಟಲೆ ಸಹಿ ಸಂಗ್ರಹ ಮಾಡಿದ್ಲು. ರಸ್ತೆ ಬರಲಿಲ್ಲ, ಇದ್ದ ಗಾಡಿ ದಾರಿನೂ ಬಂದಾತು. ಆ ಹೋರಾಟದಾಗ ಕೂಡಿದ ಜೇನ್ ಜೇಕಬ್ಸ್ ಅನ್ನೋ ಪತ್ರಕರ್ತೆ 1961ರಾಗ ಒಂದು ಪುಸ್ತಕ ಬರದ್ಲು. ಓಣಿ ಕಾಯೋದು ಪೊಲೀಸರಷ್ಟ ಅಲ್ಲ, ಕಿಡಕ್ಯಾಗ, ಮೆಟ್ಟಲ ಮ್ಯಾಲ ಕುಂತು ನೋಡೋ ಮಂದಿ ಕಣ್ಣು ಅನ್ನೋದು ಆಕಿ ವಾದ. ನಮ್ಮ ಕಟ್ಟಿ ಮ್ಯಾಲಿನ ಅಜ್ಜಿಗಳನ್ನ ಚಾಡಿ ಹೇಳೋರು ಅಂತ ನಗತೀವಿ. ಸಂಜಿ ಟ್ಯೂಷನ್ ಮುಗಿಸಿ ಬರೋ ಹುಡುಗಿಗೆ ಆ ಕಣ್ಣೇ ಧೈರ್ಯ. ಆಸ್ಟ್ರಿಯಾ ದೇಶದ ವಿಯೆನ್ನಾದಾಗ ಇನ್ನೊಂದು ಆತು. ಒಂಬತ್ತು ಹತ್ತು ವರ್ಷ ಆದ ಕೂಡಲೆ ಹುಡುಗ್ಯಾರು ಪಾರ್ಕಿಗೆ ಬರೋದು ಬಿಡ್ತಾರ ಅಂತ 1990ರ ದಶಕದಾಗ ಲೆಕ್ಕ ಹಾಕಿ ಕಂಡ್ರು. ಬಯಲೆಲ್ಲ ಚೆಂಡಾಟದ ಹುಡುಗರ ಪಾಲಾಗಿತ್ತು. ಹೊಸ ದಾರಿ, ಹೆಚ್ಚಿನ ದೀಪ, ಕುಂದ್ರಾಕ ಜಾಗ, ಬ್ಯಾರೆ ಆಟಕ್ಕ ಬ್ಯಾರೆ ಅಂಗಳ ಮಾಡಿದ್ರು. ಹುಡುಗ್ಯಾರು ವಾಪಸ್ ಬಂದ್ರು.

ನಮ್ಮಲ್ಲೂ ಕೇಳಾಕ ದಾರಿ ಐತಿ. ಕರ್ನಾಟಕದಾಗ ನಗರಸಭೆ, ಪುರಸಭೆದಾಗ ಅರ್ಧ ಸೀಟು ಹೆಣ್ಮಕ್ಕಳಿಗೆ. ಬೀದಿ ವ್ಯಾಪಾರಿಗಳ ಕಾಯ್ದೆ 2014ರಾಗ ಬಂದೈತಿ. ಎಣಿಕಿ ಮಾಡಿ ಚೀಟಿ ಕೊಡದ ವ್ಯಾಪಾರದವರನ್ನ ಎಬ್ಬಿಸುವಂಗಿಲ್ಲ, ಬ್ಯಾರೆ ಕಡೆ ಕಳಸಬೇಕಾದ್ರ 30 ದಿನದ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿದಾಗ ನೂರಕ್ಕ 40 ಮಂದಿ ವ್ಯಾಪಾರದವರ ಇರಬೇಕು, ಅವರಾಗ ಮೂರರಾಗ ಒಂದು ಪಾಲು ಹೆಣ್ಮಕ್ಕಳು ಇರಬೇಕು. ಪಲ್ಯೆ ಮಾರೋ ಅಕ್ಕಗ ಇದನ್ನ ಹೇಳಿದ್ರ ಆಕಿ ನನ್ನ ಮಾರಿ ನೋಡಿ, “ಹೌದೇನವ್ವಾ?” ಅಂದ್ಲು. ಇದು ನಾವು ಆಕಿಗೆ ಹೇಳಬೇಕಾದ ಮಾತು.

ನಿಮ್ಮ ವಾರ್ಡಿನ ಸದಸ್ಯೆ ಮನಿಗೆ ಬಂದಾಗ ಚಾ ಕೊಡ್ರಿ, ಜೋಡಿಗೆ ಈ ನಾಕು ಮಾತು ಕೇಳ್ರಿ. ದಾರಿ ಅಗಲ ಮಾಡಿದ್ರ ಕಡಿಯೋ ಗಿಡಕ್ಕ ಬದಲು ನೆಳ್ಳು ಎಲ್ಲಿ? ಬಸ್ ನಿಲ್ಲೋ ಕಡೆ, ಕಚೇರಿ ಮುಂದ, ಕೂಲಿ ಹೆಣ್ಮಕ್ಕಳು ಕೂಡೋ ಕಡೆ ಕುಂದ್ರಾಕ ಕಲ್ಲು ಎಷ್ಟು? ಪಾಯಖಾನಿಗೆ ನೀರು, ದೀಪ, ಚಿಲಕ ಅದಾವೇನು? ಸಂತಿ ಎಬ್ಬಿಸಿದ್ರ ಕುಂತು ಮಾರೋರನ್ನ ಎಲ್ಲಿಗೆ ಕಳಸ್ತೀರಿ? ಇವೇನು ಕೋಟಿ ರೂಪಾಯಿ ಕೆಲಸ ಅಲ್ಲ. ಗೆರಿ ಎಳಿಯೋ ಮುಂಚೆ ಕೇಳಿದ್ರ ಒಂದು ಮಾತಿನಾಗ ಆಗ್ತಾವ, ಡಾಂಬರು ಬಿದ್ದ ಮ್ಯಾಲ ಹತ್ತು ವರ್ಷ ಅಲೆದಾಡಿದ್ರೂ ಆಗಂಗಿಲ್ಲ.

ಮದ್ಲ ಒಂದು ಸಣ್ಣ ಲೆಕ್ಕ ಮಾಡ್ರಿ. ನಿಮ್ಮ ಮನಿಯಿಂದ ಬಸ್ ಸ್ಟ್ಯಾಂಡಿನ ತನಕ ನಡಕೋತ ಹೋಗ್ರಿ. ಕೈಯಾಗ ಚೀಲ ಇದ್ದ ಹೆಣ್ಣುಮಗಳು ಯಾರನ್ನೂ ಕೇಳದ, ಯಾರಿಗೂ ರೊಕ್ಕ ಕೊಡದ, ನೆಳ್ಳಾಗ ಕುಂದ್ರಬಹುದಾದ ಜಾಗ ಎಷ್ಟು ಅದಾವ ಎಣಿಸ್ರಿ. ಸಿಂಧನೂರಾಗ ನಮ್ಮ ಮನಿಯಿಂದ ನಾನು ಎಣಿಸೀನಿ: ಗುಡಿ ಕಟ್ಟಿ ಒಂದು, ಹಿಟ್ಟಿನ ಗಿರಣಿ ಮುಂದಿನ ಹಾಸುಗಲ್ಲು ಒಂದು. ಎರಡ. ನಿಮ್ಮದು ಎಷ್ಟಾದ್ವು ನನಗ ತಿಳಸ್ರಿ, ಮೂರೂ ಊರಿನ ಲೆಕ್ಕ ಕೂಡಿಸಿ ಬರೆದಿಡೋಣ. ಕೇಳಾಕ ಹೋಗೋವಾಗ ಕೈಯಾಗ ಒಂದು ಹಾಳಿ ಇದ್ರ ಚೊಲೊ.